ವಿಮಾನದ ಮೂಗು ನೆಟ್ಟಗೆ ಮಾಡಿದ್ದು

ಎಡಕ್ಕೆ ಎಳೆಯುವ ಗಾಡಿಯನ್ನು ನೆಟ್ಟಗೆ ಮಾಡುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನಮ್ಮ ಗ್ಯಾರೇಜಿನ ಕಡೆ ಸುಳಿದಿಲ್ಲ! ಇಪ್ಪತ್ತೆರಡು ವರ್ಷಗಳಿಂದ ವೀಲ್ ಅಲೈನ್‌ಮೆಂಟೇ ನನ್ನ ಅನ್ನ. "ಅಣ್ಣಾ, ಗಾಡಿ ಎಡಕ್ಕೆ ಎಳೀತಿದೆ" ಎಂದು ಸಪ್ಪೆ ಮೋರೆ ಹಾಕಿಕೊಂಡು ಬಂದವರು ಅರ್ಧ ಗಂಟೆಯ ಮೇಲೆ ಸ್ಟಿಯರಿಂಗಿನಿಂದ ಎರಡೂ ಕೈ ತೆಗೆದು, ಗಾಡಿ ಬಾಣದ ಹಾಗೆ ಹೋಗುವುದನ್ನು ನೋಡಿ, ಕಿಟಕಿಯಿಂದಲೇ ನನಗೆ ಕೈ ಮುಗಿದು ಹೋಗಿದ್ದಾರೆ. ಕೈ ಮುಗಿಯುವ ಭರದಲ್ಲಿ ಒಬ್ಬರು ಎದುರಿನ ಕಂಬಕ್ಕೆ ಗುದ್ದಿದ್ದೂ ಉಂಟು. ಆದರೆ ನೆಟ್ಟಗೆ ಹೋಗಿ ಗುದ್ದಿದರು! ಅದು ನನ್ನ ಕೈಗುಣ.

ಇಂಥವನ ಮನೆಯಲ್ಲೇ ಒಂದು ವಾಹನ ಎಡಕ್ಕೆ ಎಳೆಯುತ್ತಿದೆ ಎಂದರೆ ಸುಮ್ಮನಿರಲಾದೀತೇ?

ಆ ಬುಧವಾರ ಸಂಜೆ ನನ್ನವಳು ವಿಮಾನವನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಬಂದಳು. ವಿಮಾನ ಎಂದ ಕೂಡಲೇ ಗಾಬರಿಯಾಗಬೇಡಿ. ರಿಮೋಟ್ ಹಿಡಿದು ಹಾರಿಸುವ ಮಾದರಿ ವಿಮಾನ. ರೆಕ್ಕೆ ನಮ್ಮ ಊಟದ ಮೇಜಿನಷ್ಟು ಉದ್ದ, ಮೂಗಿನಲ್ಲಿ ಒಂದು ಬ್ಯಾಟರಿ ಮೋಟಾರ್, ಅದರ ಮೇಲೊಂದು ಕೆಂಪು ಮುಚ್ಚಳ. ಹನ್ನೊಂದು ತಿಂಗಳು ಕೂತು, ಕಾಗದದಷ್ಟು ಹಗುರವಾದ ಮರದ ಪಟ್ಟಿಗಳನ್ನು ಕತ್ತರಿಸಿ, ಅಂಟಿಸಿ, ತಿಕ್ಕಿ ಅವಳೇ ಕಟ್ಟಿದ್ದು. ಅವಳ ಕೈ ಅಂಥದ್ದು. ಅವಳ ಉದ್ಯೋಗ ಕಟ್ಟು ಹಲ್ಲು ಮಾಡುವುದು. ಹಲ್ಲಿನ ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ, ಇವಳು ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ ದೀಪದ ಕೆಳಗೆ ಬಗ್ಗಿ ಕೂತು ಒಂದೊಂದೇ ಹಲ್ಲು ಕೂರಿಸುತ್ತಾಳೆ. ಊರಿನ ಅರ್ಧ ಜನ ಅಗಿಯುವುದು ಇವಳ ಹಲ್ಲಿನಿಂದ!

"ಈ ವಿಮಾನದ ಹುಚ್ಚು ನಿನಗ್ಯಾಕೆ ಹಿಡೀತೇ?" ಎಂದು ಒಮ್ಮೆ ಕೇಳಿದ್ದೆ.

"ದಿನವೆಲ್ಲಾ ಬಗ್ಗಿಕೊಂಡು ಯಾರದೋ ದವಡೆ ನೋಡ್ತಿರ್ತೀನಿ ರೀ. ಕತ್ತೆತ್ತಿ ಮೇಲೆ ನೋಡೋಕೆ ಒಂದು ನೆಪ ಬೇಡ್ವಾ?" ಎಂದಿದ್ದಳು.

"ಇವತ್ತು ಹೇಗಿತ್ತು?" ಎಂದು ಆ ಬುಧವಾರ ಕೇಳಿದೆ.

"ಪರವಾಗಿಲ್ಲ. ಫುಲ್ ಜೋರು ಮಾಡಿದಾಗ ಮಾತ್ರ ಇನ್ನೂ ಒಂಚೂರು ಎಡಕ್ಕೆ ಎಳೀತಿದೆ."

ಎಡಕ್ಕೆ! ಎಳೆಯುತ್ತಿದೆ! ನನ್ನ ಕಿವಿ ನಿಮಿರಿತು. ಇಪ್ಪತ್ತೆರಡು ವರ್ಷದ ಅನುಭವ ಮೈಯಲ್ಲಿ ಎದ್ದು ನಿಂತಿತು.

"ಎಡಕ್ಕೆ ಎಳೀತಿರೋ ಗಾಡಿನ ಮನೇಲೇ ಇಟ್ಕೊಂಡು, ಎದುರಿಗೇ ಕೂತಿರೋ ನನ್ನ ಒಂದು ಮಾತು ಕೇಳಬಾರದಾ? ಒಂದು ಗಂಟೆ ಕೊಡು. ನೆಟ್ಟಗೆ ಮಾಡದಿದ್ರೆ ಮೀಸೆ ಬೋಳಿಸಿಕೊಳ್ತೀನಿ!"

"ನಿಮಗೆ ಮೀಸೆ ಎಲ್ಲಿದೆ?"

"ಬೆಳೆಸಿ ಬೋಳಿಸ್ತೀನಿ."

"ಏನೂ ಬೇಡ," ಎಂದಳು ಅವಳು ನೂರು ಪುಟದ ತನ್ನ ನೋಟ್‌ಬುಕ್ ತೆಗೆಯುತ್ತ. "ವಿಮಾನಾನ ಮುಟ್ಟಬೇಡಿ. ಒಂದು ಸಲ ಹಾರಿಸಿದ ಮೇಲೆ ಒಂದೇ ಒಂದು ಬದಲಾವಣೆ ಮಾಡ್ಬೇಕು, ಅದನ್ನ ಬರೀಬೇಕು, ಮತ್ತೆ ಹಾರಿಸಿ ನೋಡ್ಬೇಕು. ನಾಲ್ಕು ಔಷಧಿ ಒಟ್ಟಿಗೇ ಕುಡಿಸಿದ್ರೆ ಯಾವುದರಿಂದ ವಾಸಿಯಾಯ್ತು, ಯಾವುದರಿಂದ ಜಾಸ್ತಿಯಾಯ್ತು ಅಂತ ಹೇಗೆ ಗೊತ್ತಾಗುತ್ತೆ?"

ಒಂದು ಸಲಕ್ಕೆ ಒಂದು ಬದಲಾವಣೆಯಂತೆ! ಹಾಗೆ ಮಾಡುತ್ತ ಕೂತರೆ ನಮ್ಮ ಗ್ಯಾರೇಜಿನ ಮುಂದೆ ಗಾಡಿಗಳ ಸಾಲು ಪಕ್ಕದ ಊರು ಮುಟ್ಟುತ್ತಿತ್ತು. ಆದರೆ ಅವಳ ಅವಸರವೂ ನನಗೆ ಗೊತ್ತಿತ್ತು. ಭಾನುವಾರ ಅವಳಿಗೆ ಪರೀಕ್ಷೆ. ವಿಮಾನ ಹಾರಿಸುವವರ ಸಂಘದಲ್ಲಿ ಒಂದು ನಿಯಮವಿದೆ. ಪರೀಕ್ಷೆ ಪಾಸಾಗುವ ತನಕ ಪಕ್ಕದಲ್ಲಿ ಗುರುಗಳು ಇನ್ನೊಂದು ರಿಮೋಟ್ ಹಿಡಿದು ನಿಂತಿರಬೇಕು, ಒಬ್ಬರೇ ಹಾರಿಸುವಂತಿಲ್ಲ. ಪರೀಕ್ಷೆ ನಡೆಯುವುದು ವರ್ಷಕ್ಕೆ ಎರಡೇ ಸಲ. ಹೋದ ಸಲ ಇವಳ ವಿಮಾನ ಎಡಕ್ಕೆ ಎಳೆದು ಗಡಿಗೆರೆ ದಾಟಿತ್ತು, ಫೇಲಾಗಿದ್ದಳು. "ಈ ಸಲಾನೂ ಆಗ್ಲಿಲ್ಲ ಅಂದ್ರೆ ಬಿಟ್ಟುಬಿಡ್ತೀನಿ ರೀ. ಯಾರಾದ್ರೂ ಪಕ್ಕದಲ್ಲಿ ನಿಂತು ಕಾಯ್ತಿದ್ರೆ ಅದು ಹಾರಿಸಿದ ಹಾಗೇ ಅಲ್ಲ," ಎಂದಿದ್ದಳು.

ಹೆಂಡತಿ ಬಿಟ್ಟುಬಿಡುತ್ತೇನೆ ಎನ್ನುವಾಗ ಗಂಡನಾದವನು ಕೈಕಟ್ಟಿ ಕೂರಬಹುದೇ? ಕೂರಬಹುದಿತ್ತು. ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇರಲಾರದವನು ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ಅದು ನಾನೇ.

ಗುರುವಾರ ನಮ್ಮ ಗ್ಯಾರೇಜಿಗೆ ರಜೆ. ಅವಳು ಕೆಲಸಕ್ಕೆ ಹೋದ ತಕ್ಷಣ ನಾನು ವಿಮಾನವನ್ನು ಊಟದ ಮೇಜಿನ ಮೇಲೆ ಇಳಿಸಿದೆ. ಎದುರಿಗೆ ನನ್ನ ಅಮ್ಮ ಬಟಾಣಿ ಸುಲಿಯುತ್ತ ಕೂತಿದ್ದಳು.

ಅಲೈನ್‌ಮೆಂಟಿನ ಮೊದಲ ಪಾಠ, ಗಾಡಿ ನಿಂತ ನೆಲ ಮಟ್ಟವಾಗಿರಬೇಕು. ರಸಮಟ್ಟ ತಂದು ಮೇಜಿನ ಮೇಲಿಟ್ಟೆ. ಗಾಜಿನೊಳಗಿನ ಗುಳ್ಳೆ ಓಡಿಹೋಗಿ ಒಂದು ಮೂಲೆ ಸೇರಿತು. ಮೇಜೇ ಸೊಟ್ಟ! ಒಂದು ಕಾಲಿಗೆ ರಟ್ಟು ಮಡಿಸಿಟ್ಟೆ. ಎದುರು ಕಾಲು ಎದ್ದಿತು. ಅದಕ್ಕೂ ರಟ್ಟು. ಮೂರನೆಯದು ಕುಂಟಿತು. ಅದಕ್ಕೊಂದು ಮರದ ತುಂಡು. ಹೀಗೆ ನಾಲ್ಕೂ ಕಾಲಿಗೆ ಮೂರು ಸುತ್ತು ಸೇವೆ ಮಾಡಿ, ಗುಳ್ಳೆ ಮಧ್ಯಕ್ಕೆ ಬರುವಷ್ಟರಲ್ಲಿ ಮೇಜು ನಾಲ್ಕು ಬೆರಳು ಎತ್ತರವಾಗಿತ್ತು. ಅಮ್ಮನ ಗಲ್ಲ ಈಗ ಸರಿಯಾಗಿ ಮೇಜಿನ ಅಂಚಿಗೆ ಬಂದಿತ್ತು.

"ವಿಮಾನ ಸೊಟ್ಟ ಅಂದೋನು ಮೇಜನ್ನ ಯಾಕೋ ಎಬ್ಬಿಸಿದೆ?" ಎಂದಳು ಅಮ್ಮ, ಮೇಜಿನ ಹಿಂದಿನಿಂದ ಮುಖ ಮಾತ್ರ ಹೊರಗಿಟ್ಟು.

"ನೆಲಾನೇ ಸರಿ ಇಲ್ಲಮ್ಮ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಇನ್ನು ನಾನು ಊಟಕ್ಕೆ ನಿಂತ್ಕೊಳ್ಳೋದಾ?"

ಮಹತ್ಕಾರ್ಯದಲ್ಲಿ ತೊಡಗಿದವನು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ಬಾಲದಿಂದ ಮೂಗಿನವರೆಗೆ ದಾರ ಕಟ್ಟಿದೆ. ರೆಕ್ಕೆಯ ಎರಡು ತುದಿಗಳಿಂದ ಬಾಲಕ್ಕೆ ಅಳೆದೆ. ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ! ಹಲ್ಲು ಕೂರಿಸುವ ಕೈಯಲ್ಲವೇ. ನನಗೆ ನಿರಾಸೆಯಾಯಿತು. ತಪ್ಪೇ ಇಲ್ಲದ ಗಾಡಿಯನ್ನು ರಿಪೇರಿ ಮಾಡುವುದಾದರೂ ಹೇಗೆ?

ಕೊನೆಗೆ ಮೂಗಿನ ಕೆಂಪು ಮುಚ್ಚಳ ಬಿಚ್ಚಿದೆ. ಸಿಕ್ಕಿಬಿತ್ತು! ಮೋಟಾರ್ ಕೂತಿದ್ದೇ ಸೊಟ್ಟ! ದಾರ ನೆಟ್ಟಗೆ ಹೋದರೆ ಮೋಟಾರಿನ ಮೂಗು ಬಲಗಡೆಗೆ ತಿರುಗಿ, ಜೊತೆಗೆ ತಲೆ ತಗ್ಗಿಸಿ ಕೆಳಗೆ ನೋಡುತ್ತಿತ್ತು, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ. ಕಾರಣ ಹುಡುಕಿದೆ. ಎಡಗಡೆ ಸ್ಕ್ರೂವಿನ ಹಿಂದೆ ಎರಡು ತೆಳು ವಾಷರ್, ಮೇಲಿನ ಸ್ಕ್ರೂವಿನ ಹಿಂದೆ ಒಂದು.

"ನೋಡಮ್ಮಾ ನಿನ್ನ ಸೊಸೆ ಕೆಲಸ! ಮೂರು ವಾಷರ್ ಮರೆತು ಒಳಗೇ ಬಿಟ್ಟಿದ್ದಾಳೆ!"

"ಅವಳು ಮರೆಯೋ ಪೈಕಿ ಅಲ್ಲ ಕಣೋ. ಆ ಪುಸ್ತಕದಲ್ಲಿ ಏನು ಬರ್ದಿದ್ದಾಳೆ ನೋಡಬಾರದಾ?"

ಪುಸ್ತಕ ಅಲ್ಲೇ ಕೈಗೆಟುಕುವ ಹಾಗೆ ಇತ್ತು. ಆದರೆ ಇಪ್ಪತ್ತೆರಡು ವರ್ಷ ಗಾಡಿ ನೋಡಿ ಕಲಿತವನು ನೂರು ಪುಟದ ನೋಟ್‌ಬುಕ್ ನೋಡಿ ಕಲಿಯಬೇಕೇ? ವಾಷರ್ ಮೂರನ್ನೂ ತೆಗೆದು ಜೇಬಿಗೆ ಹಾಕಿಕೊಂಡೆ. ಸ್ಕ್ರೂ ಬಿಗಿದೆ. ಮೋಟಾರ್ ಈಗ ದಾರದ ಗುಂಟ ನೆಟ್ಟಗೆ, ಸೈನಿಕನಂತೆ ಎದೆ ಸೆಟೆಸಿ ಕೂತಿತು. ಮುಚ್ಚಳ ಹಾಕಿದೆ. ಶನಿವಾರ ಅಭ್ಯಾಸದಲ್ಲಿ ವಿಮಾನ ಬಾಣದಂತೆ ಹೋಗುತ್ತದೆ, ಅವಳು ಬೆರಗಾಗಿ ನನ್ನತ್ತ ನೋಡುತ್ತಾಳೆ, ನಾನು ಆಗ ಮೆಲ್ಲಗೆ ಜೇಬಿನಿಂದ ಮೂರು ವಾಷರ್ ತೆಗೆದು ಅಂಗೈಯಲ್ಲಿ ತೋರಿಸುತ್ತೇನೆ! ಈ ದೃಶ್ಯವನ್ನು ಎರಡು ದಿನ ಮನಸ್ಸಿನಲ್ಲೇ ಆಡಿಸಿ ಆನಂದಪಟ್ಟೆ.

ಶನಿವಾರ ಬೆಳಗ್ಗೆ ಮೈದಾನಕ್ಕೆ ಹೋದೆವು. ಹಾರಿಸುವವರ ಪಕ್ಕ ಒಬ್ಬ ಸಹಾಯಕ ನಿಂತು "ಎಡಗಡೆ ಯಾರೋ ಬರ್ತಿದ್ದಾರೆ, ಬಲಗಡೆ ಇನ್ನೊಂದು ವಿಮಾನ ಇದೆ" ಎಂದು ಹೇಳುತ್ತಿರಬೇಕು. ಆ ಹುದ್ದೆ ನನ್ನದು. ಗುರುಗಳು ತಮ್ಮ ರಿಮೋಟ್ ಹಿಡಿದು ಸ್ವಲ್ಪ ಹಿಂದೆ ನಿಂತಿದ್ದರು.

ಅವಳು ಮೋಟಾರ್ ಜೋರು ಮಾಡಿದಳು. ವಿಮಾನ ನೆಲ ಬಿಟ್ಟಿತು. ಬಿಟ್ಟದ್ದೇ ತಡ, ಮೂಗು ಆಕಾಶಕ್ಕೆತ್ತಿ, ಎಡಕ್ಕೆ ಹೊರಳಿ, ಯಾರೋ ಹೆಸರು ಹಿಡಿದು ಕರೆದ ಹಾಗೆ ಎಡಗಡೆಯ ಮರಗಳ ಕಡೆ ಓಡಿತು!

"ಅಯ್ಯೋ! ಇದೇನಾಯ್ತು ಇದಕ್ಕೆ!" ಅವಳ ಹೆಬ್ಬೆರಳುಗಳು ರಿಮೋಟಿನ ಮೇಲೆ ಪಟಪಟ ಓಡಿದವು. ರಿಮೋಟಿನಲ್ಲಿ ಟ್ರಿಮ್ ಎಂಬ ಪುಟ್ಟ ಗುಂಡಿಗಳಿವೆ. ವಿಮಾನ ಒಂದು ಕಡೆ ಎಳೆಯುತ್ತಿದ್ದರೆ ಅವನ್ನು ಇನ್ನೊಂದು ಕಡೆಗೆ ಟಕ್ ಟಕ್ ಎಂದು ಒತ್ತಿ ಸರಿದೂಗಿಸಬೇಕು. ಬಲಕ್ಕೆ ಎಂಟು ಟಕ್, ಕೆಳಕ್ಕೆ ಆರು ಟಕ್ ಒತ್ತಿದಳು. ವಿಮಾನ ನೆಟ್ಟಗಾಯಿತು. ಉಸಿರು ಬಿಟ್ಟೆವು. ಇಳಿಸೋಣ ಎಂದು ಮೋಟಾರ್ ಕಡಿಮೆ ಮಾಡಿದಳು. ಅಷ್ಟೇ! ಅದು ಈಗ ಬಲಕ್ಕೆ ವಾಲಿ, ಮೂಗು ಕೆಳಗೆ ಮಾಡಿ, ನೆಲದ ಕಡೆ ಧಾವಿಸಿತು. ಜೋರು ಮಾಡಿದರೆ ಎಡಕ್ಕೆ, ಮೇಲಕ್ಕೆ. ಕಡಿಮೆ ಮಾಡಿದರೆ ಬಲಕ್ಕೆ, ಕೆಳಕ್ಕೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು! ಹೇಗೋ ಮೂರು ಸಲ ಕುಪ್ಪಳಿಸಿ ಇಳಿಯಿತು.

ಅವಳಿಗೆ ಗೊಂದಲ. ನನಗೆ ಅದಕ್ಕಿಂತ ದೊಡ್ಡ ಗೊಂದಲ! ಅವಳಿಗಾದರೂ ಏನಾಯಿತು ಎಂದು ಗೊತ್ತಿಲ್ಲ, ನನಗೆ ಗೊತ್ತಿದ್ದೂ ಅರ್ಥವಾಗುತ್ತಿಲ್ಲ. ಸೊಟ್ಟಗಿದ್ದಾಗ ನೆಟ್ಟಗೆ ಹೋಗುತ್ತಿದ್ದದ್ದು ನೆಟ್ಟಗೆ ಮಾಡಿದ ಮೇಲೆ ಸೊಟ್ಟ ಹೋಗುವುದೆಂದರೆ ಏನರ್ಥ? ಇದು ಯಾವ ನ್ಯಾಯ?

"ಬುಧವಾರ ಇಷ್ಟು ಚೆನ್ನಾಗಿತ್ತು. ಮೂರೇ ದಿನದಲ್ಲಿ ಇದಕ್ಕೆ ಏನು ಬಡೀತು ರೀ?"

"ಗಾಳಿ ಇರ್ಬೇಕು," ಎಂದೆ.

ಅವಳು ಸುತ್ತ ನೋಡಿದಳು. ಮೈದಾನದಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಆದರೂ ಗಂಡನ ಮಾತು ಎಂದು ನೋಟ್‌ಬುಕ್ಕಿನಲ್ಲಿ "ಗಾಳಿ" ಎಂದು ಬರೆದು ಪಕ್ಕದಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಹಾಕಿದಳು. ನನಗೆ ಆ ಪ್ರಶ್ನಾರ್ಥಕ ನನ್ನನ್ನೇ ನೋಡುತ್ತಿದೆ ಅನ್ನಿಸಿತು.

ಆಗಲೇ ಬಾಯಿಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ನನ್ನೊಳಗಿನ ಮೆಕ್ಯಾನಿಕ್ ಸಾಯಬೇಕಲ್ಲ! ಅವಳು ನೀರು ಕುಡಿಯಲು ಹೋದಾಗ ಜೇಬು ತಡಕಿದೆ. ಚಕ್ರ ಬ್ಯಾಲೆನ್ಸ್ ಮಾಡುವಾಗ ರಿಮ್ಮಿಗೆ ಅಂಟಿಸುವ ಸೀಸದ ತುಂಡು ನನ್ನ ಜೇಬಿನಲ್ಲಿ ಸದಾ ಇರುತ್ತದೆ. ಎಡಕ್ಕೆ ಎಳೆಯುತ್ತದೆ ಎಂದರೆ ಬಲಗಡೆ ಭಾರ ಕಡಿಮೆಯಿದೆ ಎಂದರ್ಥ. ಐದು ಗ್ರಾಮಿನ ಒಂದು ತುಂಡನ್ನು ಬಲ ರೆಕ್ಕೆಯ ತುದಿಗೆ, ಅಡಿಯಲ್ಲಿ, ಕಾಣದಂತೆ ಅಂಟಿಸಿದೆ.

ಎರಡನೆಯ ಹಾರಾಟವನ್ನು ವಿವರಿಸಲು ನನಗೆ ಶಕ್ತಿಯಿಲ್ಲ. ಬಲಕ್ಕೆ ವಾಲಿತೆಂದು ಅವಳು ಟ್ರಿಮ್ ಎಡಕ್ಕೆ ಒತ್ತಿದಳು. ಜೋರು ಮಾಡಿದ ಕೂಡಲೇ ಎಡಕ್ಕೆ ಹಾರಿತು. ಮತ್ತೆ ಬಲಕ್ಕೆ ಒತ್ತಿದಳು. ಕೊನೆಗೆ ಗುರುಗಳೇ ತಮ್ಮ ರಿಮೋಟಿನಿಂದ ವಿಮಾನವನ್ನು ತೆಗೆದುಕೊಂಡು ಇಳಿಸಿದರು. ಇಳಿಸಿದ ಮೇಲೆ ಅವರೂ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಆ ಸಂಜೆ ನನ್ನವಳು ರಿಮೋಟಿನ ಟ್ರಿಮ್ಮುಗಳನ್ನೆಲ್ಲ ಮಧ್ಯಕ್ಕೆ ತಂದಿಟ್ಟು, ಆ ಎತ್ತರದ ಊಟದ ಮೇಜಿನ ಮುಂದೆ ಕೂತು, ನೋಟ್‌ಬುಕ್ ಮುಚ್ಚಿದಳು. ಎರಡು ದಿನದಿಂದ ಮೇಜು ಯಾಕೆ ಎತ್ತರವಾಗಿದೆ ಎಂದೂ ಕೇಳಿರಲಿಲ್ಲ ಎಂದರೆ ಅವಳ ಮನಸ್ಸು ಎಲ್ಲಿತ್ತು ಎಂದು ನೀವೇ ಊಹಿಸಿ.

"ನಾಳೆ ಹೋಗಲ್ಲ ರೀ."

"ಯಾಕೇ?"

"ಹದಿನಾಲ್ಕು ಪುಟ ಬರ್ದಿದ್ದೀನಿ. ಒಂದಕ್ಕೊಂದು ತಾಳೆ ಆಗ್ತಿಲ್ಲ. ತಪ್ಪು ವಿಮಾನದ್ದಲ್ಲ, ನನ್ನ ಕೈಯದ್ದೇ ಅನ್ಸುತ್ತೆ. ಹಲ್ಲು ಕೂರಿಸೋ ಕೈ ಹೀಗಾದ್ರೆ ನಾಳೆ ಆ ಕೆಲಸಾನೂ..." ಎಂದು ಅರ್ಧಕ್ಕೇ ನಿಲ್ಲಿಸಿ ತನ್ನ ಹೆಬ್ಬೆರಳುಗಳನ್ನು ನೋಡುತ್ತ ಕೂತಳು.

ನನ್ನ ಕೈ ತಾನಾಗಿಯೇ ವಾಷರ್ ಇದ್ದ ಜೇಬಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ನನ್ನನ್ನು ಕಣ್ಣಿನಲ್ಲೇ ಒಳಗೆ ಕರೆದಳು.

"ಹೇಳಿಬಿಡೋ. ಅವಳ ಮುಖ ನೋಡೋಕಾಗ್ತಿಲ್ಲ ನಂಗೆ."

"ಹೇಳಿದ್ರೆ ನನ್ನ ಮುಖ ನೋಡೋಕಾಗಲ್ಲಮ್ಮ."

"ಈಗ ತಾನೇ ಏನು ಚೆನ್ನಾಗಿದೆ?"

ಹೇಳಿಯೇಬಿಡುತ್ತೇನೆ ಎಂದು ಧೈರ್ಯವಾಗಿ ಹೊರಗೆ ಬಂದೆ. ಅವಳ ಎದುರು ನಿಂತೆ. ಬಾಯಿ ತೆರೆದೆ. ಬಂದ ಮಾತು ಇದು: "ನಾಳೆ ಹೋಗೋಣ ಬಾರೇ. ಹೆದರಬೇಡ, ನಾನಿದ್ದೀನಲ್ಲ!"

ಅವಳು ತಲೆಯೆತ್ತಿ ಎಷ್ಟು ನಂಬಿಕೆಯಿಂದ ನೋಡಿದಳೆಂದರೆ, ನಾನಿರುವುದೇ ಕಾಯಿಲೆ ಎಂದು ಹೇಳಲು ನಾಲಗೆ ಏಳಲಿಲ್ಲ.

ಭಾನುವಾರ ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ, ಪಾಪ ಪರಿಹಾರಕ್ಕೆಂದು, ಬಲ ರೆಕ್ಕೆಯ ತುದಿಗೆ ಇನ್ನೂ ಹತ್ತು ಗ್ರಾಂ ಸೀಸ ಅಂಟಿಸಿದೆ! ಐದು ಗ್ರಾಂ ಸಾಲದೆ ಹೀಗಾಯಿತು ಎಂದು ನನ್ನ ಲೆಕ್ಕಾಚಾರ. ಮುಳುಗುವವನು ಕಲ್ಲನ್ನೇ ತಬ್ಬಿಕೊಂಡ ಹಾಗೆ.

ಪರೀಕ್ಷೆ ತೆಗೆದುಕೊಳ್ಳುವವರು ನಿವೃತ್ತ ರೈಲ್ವೆ ಗಾರ್ಡ್. ಸಂಘದವರೆಲ್ಲ ಗಾರ್ಡ್ ಸಾಹೇಬರು ಎಂದೇ ಕರೆಯುವುದು. ನಗುವುದನ್ನು ಯಾರೂ ನೋಡಿಲ್ಲ. ಜೇಬಿನಲ್ಲಿ ಸೀಟಿ, ಕೈಯಲ್ಲಿ ಗಡಿಯಾರ, ರಟ್ಟಿಗೆ ಸಿಕ್ಕಿಸಿದ ಒಂದು ಅರ್ಜಿ. "ನೆಲ ಬಿಡಬೇಕು. ನೆಟ್ಟಗೆ ಒಂದು ಸಲ ಹೋಗಬೇಕು. ಚೌಕ ಒಂದು. ಎಂಟರ ಆಕಾರ ಒಂದು. ಎರಡು ಬಿಳಿ ಗೆರೆಯ ಒಳಗೆ ಇಳಿಸಬೇಕು. ಗಡಿಗೆರೆ ದಾಟಿದ್ರೆ ಮುಂದಿನ ಸಲ," ಎಂದು ಹೇಳಿ ಸೀಟಿ ಊದಿದರು. ಇವತ್ತು ಹಿಂದೆ ಗುರುಗಳಿಲ್ಲ, ಇನ್ನೊಂದು ರಿಮೋಟಿಲ್ಲ. ಅವಳು ಒಬ್ಬಳೇ. ಪಕ್ಕದಲ್ಲಿ ಸಹಾಯಕನೆಂಬ ನಾನು!

ವಿಮಾನ ಏರಿತು. ಏರಿದ ಕೂಡಲೇ ನಿನ್ನೆಯ ಹಾಗೇ ಮೂಗೆತ್ತಿ ಎಡಕ್ಕೆ ಹೊರಳಿತು. ಬಿಳಿ ಧ್ವಜ ನೆಟ್ಟ ಗಡಿಗೆರೆ ಎದುರಿಗೇ! ಅವಳು ಗಾಬರಿಯಲ್ಲಿ ಮೋಟಾರ್ ಪೂರ್ತಿ ಕಡಿಮೆ ಮಾಡಿದಳು. ಅದು ತಟ್ಟನೆ ಬಲಕ್ಕೆ ವಾಲಿ ಒಳಕ್ಕೆ ಬಂತು. ಮತ್ತೆ ಜೋರು. ಮತ್ತೆ ಎಡಕ್ಕೆ. ನಾನು ಕಣ್ಣು ಮುಚ್ಚಿದೆ.

ಆದರೆ ಪಕ್ಕದಿಂದ ಕಿರುಚಾಟ ಬರಲಿಲ್ಲ. ತನ್ನಷ್ಟಕ್ಕೆ ತಾನು ಮಾತಾಡುವ ಒಂದು ತಣ್ಣನೆಯ ದನಿ ಬಂತು. ಹಲ್ಲು ಕೂರಿಸುವಾಗ ಅವಳು ಹೀಗೇ ಗುನುಗುವುದು.

"ಜೋರು ಮಾಡಿದ್ರೆ ಎಡಕ್ಕೆ. ಕಮ್ಮಿ ಮಾಡಿದ್ರೆ ಬಲಕ್ಕೆ. ರೆಕ್ಕೆ ಸೊಟ್ಟ ಆಗಿದ್ರೆ ಎರಡು ಸಲಾನೂ ಒಂದೇ ಕಡೆ ಎಳೀಬೇಕಿತ್ತು. ಹಾಗಾದ್ರೆ ಇದು ಒಂದು ಕಾಯಿಲೆ ಅಲ್ಲ, ಎರಡು. ಮೋಟಾರ್ ನಿಂತಾಗ ಸುಮ್ಮನಿರೋದು ಮೋಟಾರಿಂದೇ ಕಾಯಿಲೆ. ಮೋಟಾರ್ ನಿಂತಾಗ ಎದ್ದು ಕಾಣೋದು ಭಾರದ ಕಾಯಿಲೆ." ಕಣ್ಣು ವಿಮಾನದ ಮೇಲೆಯೇ ಇತ್ತು. "ರೀ..."

"ಹಾಂ?"

"ಮೋಟಾರ್ ಮುಟ್ಟಿದ್ರಾ?"

ಆಕಾಶದಲ್ಲಿ ವಿಮಾನ, ನೆಲದ ಮೇಲೆ ಗಾರ್ಡ್ ಸಾಹೇಬರು, ಪಕ್ಕದಲ್ಲಿ ಹೆಂಡತಿ. ಓಡಿಹೋಗಲು ಜಾಗವಿರಲಿಲ್ಲ.

"ಒಂಚೂರು," ಎಂದೆ.

"ವಾಷರ್?"

"ಮರೆತು ಬಿಟ್ಟಿದ್ದೀಯ ಅಂದ್ಕೊಂಡು..."

"ಎಷ್ಟು ತೆಗೆದ್ರಿ?"

"ಮೂರು."

"ಮೂರೂ! ರೀ, ಹಾರುವಾಗ ಮೋಟಾರ್ ವಿಮಾನಾನ ತಾನಾಗೇ ಎಡಕ್ಕೆ, ಮೇಲಕ್ಕೆ ತಿರುಗಿಸುತ್ತೆ ಅಂತಾನೇ ಅದನ್ನ ಬಲಕ್ಕೆ, ಕೆಳಕ್ಕೆ ಓರೆ ಮಾಡಿ ಕೂರಿಸಿದ್ದು! ಒಂದೊಂದು ವಾಷರಿಗೂ ಒಂದೊಂದು ವಾರ ತಗೊಂಡಿದ್ದೀನಿ!" ವಿಮಾನವನ್ನು ಗಡಿಗೆರೆಯ ಹತ್ತಿರದಿಂದ ತಿರುಗಿಸಿಕೊಳ್ಳುತ್ತ ಕೇಳಿದಳು. "ಬಲ ರೆಕ್ಕೆ ಯಾಕೆ ಭಾರ?"

"ಸೀಸ."

"ಎಷ್ಟು?"

"ಐದು ಗ್ರಾಂ."

"ಸರಿಯಾಗಿ ಹೇಳಿ. ಇಳಿಸುವಾಗ ನಿಧಾನ ಆದಷ್ಟೂ ಆ ರೆಕ್ಕೆ ಕುಸಿಯುತ್ತೆ. ಎಷ್ಟು ಅಂತ ಗೊತ್ತಿಲ್ದೆ ಇಳಿಸಿದ್ರೆ ಹನ್ನೊಂದು ತಿಂಗಳು ನೆಲಕ್ಕೆ ಹೋಗುತ್ತೆ. ಎಷ್ಟು?"

ಜೀವನದಲ್ಲಿ ಅಷ್ಟು ಬೇಗ ಸತ್ಯ ಹೇಳಿದ್ದು ಅದೇ ಮೊದಲು. "ಹದಿನೈದು! ನಿನ್ನೆ ಐದು, ಇವತ್ತು ಹತ್ತು!"

"ಇನ್ನೇನಾದ್ರೂ ಇದ್ಯಾ?"

"ಊಟದ ಮೇಜಿನ ಕಾಲಿಗೆ ರಟ್ಟು..."

"ವಿಮಾನದ್ದು ಮಾತ್ರ ಹೇಳ್ರೀ!"

"ಅಷ್ಟೇ. ನಿನ್ನಾಣೆ."

"ಸರಿ. ಈಗ ಬಾಯಿ ಮುಚ್ಕೊಂಡು ಎಡಗಡೆ ಯಾರಾದ್ರೂ ಬರ್ತಾರಾ ನೋಡಿ." ಅವಳು ರಿಮೋಟಿನಲ್ಲಿ ಮೋಟಾರನ್ನು ಜೋರು, ಕಡಿಮೆ ಮಾಡುವ ಕಡ್ಡಿಯನ್ನು ಮೆಲ್ಲಗೆ, ಕೂದಲೆಳೆಯಷ್ಟು ಮೇಲೆ, ಕೂದಲೆಳೆಯಷ್ಟು ಕೆಳಗೆ ಸರಿಸುತ್ತ ಹುಡುಕಿದಳು. "ಜೋರಲ್ಲಿ ಎಡಕ್ಕೆ, ಕಮ್ಮಿಯಲ್ಲಿ ಬಲಕ್ಕೆ. ಹಾಗಾದ್ರೆ ಮಧ್ಯೆ ಎಲ್ಲೋ ಒಂದು ಕಡೆ ನಿಮ್ಮ ಎರಡು ತಪ್ಪೂ ಜಗಳ ಆಡಿ ಸುಮ್ಮನಾಗ್ಬೇಕು."

ಸುಮ್ಮನಾದವು! ಅರ್ಧಕ್ಕಿಂತ ತುಸು ಕೆಳಗೆ ಕಡ್ಡಿ ನಿಂತಾಗ ವಿಮಾನ ಗೊಣಗುವುದನ್ನು ಬಿಟ್ಟಿತು. ನೀರಿನ ಮೇಲೆ ದೋಣಿ ಹೋದಂತೆ ನೆಟ್ಟಗೆ ಹೋಯಿತು. ಆ ಕಡ್ಡಿಯನ್ನು ಅಲ್ಲಿಂದ ಕದಲಿಸದೆ ಚೌಕ ಬಿಡಿಸಿದಳು. ಎಂಟು ಬರೆದಳು. ಕತ್ತೆತ್ತಿ, ಬೆನ್ನು ನೆಟ್ಟಗೆ ಮಾಡಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ ಅವಳನ್ನು ನೋಡುತ್ತ ನಾನು ಎಡಗಡೆ ನೋಡುವುದನ್ನೇ ಮರೆತೆ. ಇಳಿಯುವಾಗ ಎಲ್ಲರಿಗಿಂತ ತುಸು ಹೆಚ್ಚೇ ವೇಗದಲ್ಲಿ ಬಂದಳು. ನೆಲಕ್ಕೆ ಒಂದು ಅಡಿ ಇರುವಾಗ ಬಲ ರೆಕ್ಕೆ ಕುಸಿಯಿತು. ಕುಸಿಯುತ್ತದೆ ಎಂದು ಗೊತ್ತಿದ್ದ ಹೆಬ್ಬೆರಳು ಅದಕ್ಕಿಂತ ಮೊದಲೇ ಎಡಕ್ಕೆ ಸರಿದಿತ್ತು. ಚಕ್ರ ಎರಡು ಬಿಳಿ ಗೆರೆಯ ನಡುವೆ ಸದ್ದಿಲ್ಲದೆ ಉರುಳಿತು.

ಅವಳು ರಿಮೋಟ್ ಆರಿಸಿ ಓಡಿಹೋಗಿ ವಿಮಾನವನ್ನು ಎತ್ತಿಕೊಂಡು ಬಂದಳು. ಮೊದಲು ರೆಕ್ಕೆಯ ಸೀಸ ಕಿತ್ತು ನನ್ನ ಅಂಗೈಗೆ ಹಾಕಿದಳು. ಆಮೇಲೆ ಕೇಳಿದಳು.

"ನೆಟ್ಟಗೆ ಮಾಡೋದು ಅಂದ್ರೆ ಏನು ಅಂತ ಅಂದ್ಕೊಂಡಿದ್ದೀರಿ ರೀ? ನಾನು ಹಲ್ಲೆಲ್ಲಾ ಒಂದೇ ಸಾಲಿಗೆ ಕೂರಿಸಿದ್ರೆ ಸುಳ್ಳು ಹಲ್ಲು ಅಂತ ಹತ್ತು ಮಾರು ದೂರದಿಂದ ಗೊತ್ತಾಗುತ್ತೆ. ಒಂದೆರಡನ್ನ ಬೇಕಂತಲೇ ಓರೆ ಮಾಡ್ತೀನಿ. ಹೋಗ್ಲಿ, ನೀವು? ಗಾಡಿ ನೆಟ್ಟಗೆ ಹೋಗ್ಲಿ ಅಂತ ಮುಂದಿನ ಎರಡು ಚಕ್ರಾನೂ ಒಂಚೂರು ಒಳಕ್ಕೆ ತಿರುಗಿ ಇರೋ ಹಾಗೆ ಕೂರಿಸೋರು ಯಾರು?"

ನಾನೇ! ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಎಂಟು ಗಾಡಿಯ ಚಕ್ರ ಬೇಕೆಂದೇ ಓರೆ ಮಾಡಿ ಸಂಬಳ ತಗೊಂಡ ಮನುಷ್ಯ ಹೆಂಡತಿಯ ಒಂದು ಮೋಟಾರಿನ ಓರೆಯನ್ನು ಮರೆವು ಎಂದುಕೊಂಡಿದ್ದ!

ಗಾರ್ಡ್ ಸಾಹೇಬರು ಗಡಿಯಾರ ನೋಡುತ್ತ ಹತ್ತಿರ ಬಂದರು. ನಮ್ಮ ಸಂಭಾಷಣೆಯ ಒಂದಕ್ಷರವೂ ಅವರ ಕಿವಿ ತಪ್ಪಿರಲಿಲ್ಲ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು.

"ಸರಿಯಿರೋ ವಿಮಾನ ಹಾರಿಸಿ ಪಾಸಾದವರು ಬೇಕಾದಷ್ಟು ಜನ ಇದ್ದಾರಮ್ಮ. ಕೆಟ್ಟದ್ದನ್ನ ಹಾರಿಸ್ತಾ, ಏನು ಕೆಟ್ಟಿದೆ ಅಂತ ಮೇಲೇ ಕಂಡುಹಿಡಿದು, ಕೆಡಿಸಿದವರನ್ನೂ ಹಿಡಿದು ಇಳಿಸಿದವರನ್ನ ನಾನು ನೋಡಿಲ್ಲ," ಎಂದು ಅರ್ಜಿಯ ಮೇಲೆ "ಪಾಸ್" ಎಂದು ಬರೆದು ಸಹಿ ಹಾಕಿದರು. ಅವಳ ಕಣ್ಣು ತುಂಬಿತು. ನನ್ನದೂ ತುಂಬಿತು. ಎಲ್ಲ ಸುಖಾಂತ್ಯವಾಯಿತು, ಇನ್ನು ಮನೆಗೆ ಹೋಗೋಣ ಎಂದು ನಾನು ರಿಮೋಟಿಗೆ ಕೈ ಹಾಕಿದೆ.

"ಸ್ವಲ್ಪ ಇರಿ," ಎಂದರು ಗಾರ್ಡ್ ಸಾಹೇಬರು. ಅರ್ಜಿಯ ಕೆಳಗೆ "ಷರತ್ತುಗಳು" ಎಂಬ ಖಾಲಿ ಜಾಗವಿತ್ತು. ಅದರಲ್ಲಿ ದುಂಡಗೆ ಏನೋ ಬರೆದು ಅವಳ ಕೈಗೆ ಕೊಟ್ಟರು.

ಅವಳು ಓದಿದಳು. ನಾನೂ ಹೆಗಲ ಮೇಲಿನಿಂದ ಇಣುಕಿ ಓದಿದೆ. "ಇವರು ವಿಮಾನವನ್ನು ಒಬ್ಬರೇ ಹಾರಿಸಬಹುದು. ಇವರ ಯಜಮಾನರು ವಿಮಾನದಿಂದ ನೂರು ಅಡಿ ದೂರದಲ್ಲಿ ಇರತಕ್ಕದ್ದು."

ನನ್ನವಳು ನನ್ನ ಪರವಾಗಿ ಒಂದು ಮಾತು ಆಡುತ್ತಾಳೆ ಎಂದು ಆಸೆಯಿಂದ ಅವಳ ಮುಖ ನೋಡಿದೆ. ಆಡಿದಳು.

"ಸರ್, ಒಂದು ಸಣ್ಣ ಅನುಮಾನ. ಇದು ಮೈದಾನಕ್ಕೆ ಮಾತ್ರಾನಾ? ವಿಮಾನ ಇಡೋದು ನಮ್ಮನೇಲಿ."

ಗಾರ್ಡ್ ಸಾಹೇಬರು ಕಾಗದ ವಾಪಸ್ ತೆಗೆದುಕೊಂಡು, ಪೆನ್ನಿನ ಮುಚ್ಚಳ ಮತ್ತೆ ಬಿಚ್ಚಿದರು!